ಗ್ರಿಲ್ ಹಿಂದಿನ ಧೂಳು: ಕೊಲ್ಲಿ ಮನೆಗಳ ಎಸಿ ಡಕ್ಟ್ ಬಗ್ಗೆ ಓದುಗರ ಪ್ರಶ್ನೆಗಳು

ಬೇಸಿಗೆ ಹತ್ತಿರ ಬಂತೆಂದರೆ ದುಬೈ, ಶಾರ್ಜಾ, ಅಬುಧಾಬಿ, ದೋಹಾ ಕಡೆಯ ಓದುಗರ ಪತ್ರಗಳಲ್ಲಿ ಎಸಿಯದ್ದೇ ಮಾತು. ಈ ಸಲ ಹೆಚ್ಚಿನವು ಡಕ್ಟ್ ಕ್ಲೀನಿಂಗ್ ಕುರಿತವು. ಡಕ್ಟ್ ಎಂದರೆ ಸೀಲಿಂಗಿನೊಳಗಿನ ಎಸಿ ಯೂನಿಟ್ಟಿನಿಂದ ಕೋಣೆಗಳ ಗ್ರಿಲ್ಲಿಗೆ ತಂಪು ಗಾಳಿ ಒಯ್ಯುವ ಕೊಳವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಬೆಳಿಗ್ಗೆ ಒರೆಸಿದ ಟಿವಿ ಸ್ಟ್ಯಾಂಡ್ ಮೇಲೆ ಮರುದಿನ ಸಂಜೆಗೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂರುತ್ತದೆ. ಹಾಲ್‌ನ ಎಸಿ ಗ್ರಿಲ್ ಸುತ್ತ ಸೀಲಿಂಗ್ ಕಪ್ಪಾಗಿದೆ. ಒಂದು ಕಂಪನಿಯವರು ಫೋನ್ ಮಾಡಿ, “ನಿಮ್ಮ ಡಕ್ಟ್ ತುಂಬ ಕೊಳೆ ಇದೆ, ಇಡೀ ಮನೆಗೆ 99 ದಿರ್ಹಾಮ್” ಎನ್ನುತ್ತಿದ್ದಾರೆ. ಮಾಡಿಸಲೇ? (ಶಾರ್ಜಾ, ಅಲ್ ನಹ್ದಾ)

ಮನೆಗೆ ಕಾಲಿಡದೆ ಡಕ್ಟ್ ಒಳಗಿನ ಕೊಳೆ ಕಂಡವರಿಗೆ ಕೆಲಸ ಕೊಡಬೇಡಿ. ಆ ದರಕ್ಕೆ ಗ್ರಿಲ್ ಬಿಚ್ಚಿ, ಕೈ ಎಟುಕುವಷ್ಟು ದೂರ ವ್ಯಾಕ್ಯೂಮ್ ಹೊಡೆದು ಹೋಗಬಹುದು, ಅಷ್ಟೇ. ಬಂದ ಮೇಲೆ “ಒಳಗೆ ಫಂಗಸ್ ಇದೆ” ಎಂದು ಹೆದರಿಸಿ ದರವನ್ನು ಹತ್ತು ಪಟ್ಟು ಏರಿಸುವುದು ಈ ಧಂದೆಯ ಹಳೆಯ ವರಸೆ.

ಮೊದಲು ನೀವೇ ನೋಡಿ. ಎಸಿ ಆಫ್ ಮಾಡಿ, ತಣ್ಣನೆ ಗಾಳಿ ಬರುವ ಒಂದು ಗ್ರಿಲ್ ಬಿಚ್ಚಿ, ಫೋನನ್ನು ಒಳಕ್ಕೆ ಹಿಡಿದು ಫ್ಲ್ಯಾಶ್ ಹಾಕಿ ಫೋಟೊ ತೆಗೆಯಿರಿ. ತಳದಲ್ಲಿ ತೆಳುವಾದ ಬೂದು ಪದರ ಇದ್ದರೆ ಅದು ಕೊಲ್ಲಿಯ ಯಾವ ಮನೆಯಲ್ಲೂ ಇರುವಂಥದ್ದು. ಹಾಗೆ ಕೂತ ಧೂಳು ಬಹುಪಾಲು ತಗಡಿಗೆ ಅಂಟಿಕೊಂಡು ಅಲ್ಲೇ ಇರುತ್ತದೆ, ಕೋಣೆಗೆ ಇಳಿಯುವುದು ಕಡಿಮೆ. ಕ್ಲೀನಿಂಗ್ ನಿಜಕ್ಕೂ ಬೇಕಾಗುವುದು ಒಳಗೆ ಕಣ್ಣಿಗೆ ಕಾಣುವ ಬೂಷ್ಟು ಇದ್ದಾಗ, ಜಿರಳೆ ಅಥವಾ ಇಲಿಯ ಹಿಕ್ಕೆ ಕಂಡಾಗ, ಇಲ್ಲವೇ ಧೂಳು ಪದರಪದರವಾಗಿ ಏಳುವಷ್ಟು ದಪ್ಪ ಕಟ್ಟಿ ಗಾಳಿಯ ಜೊತೆ ಚಕ್ಕೆ ಉದುರುವಾಗ. ಹೊಸ ಮನೆಯಾದರೆ ಜಿಪ್ಸಮ್ ಪುಡಿ, ಸಿಮೆಂಟ್ ಚೂರು, ಥರ್ಮಾಕೋಲ್ ತುಂಡುಗಳೂ ಸಿಗುತ್ತವೆ. ಇಂಟೀರಿಯರ್ ಕೆಲಸ ನಡೆಯುತ್ತಿರುವಾಗಲೇ ಎಸಿ ಓಡಿಸಿದ ಮನೆಗಳ ಪಾಡು ಇದು. ಅಲ್ಲಿ ಒಂದು ಸಲ ಸರಿಯಾದ ಕ್ಲೀನಿಂಗ್ ಮಾಡಿಸಿದರೆ ಹಣ ದಂಡವಾಗುವುದಿಲ್ಲ.

ನಿಮ್ಮ ಟಿವಿ ಸ್ಟ್ಯಾಂಡ್ ಮೇಲಿನ ಧೂಳು ಬೇರೆ ಕಡೆಯಿಂದ ಬರುತ್ತಿರುವ ಸಾಧ್ಯತೆಯೇ ಹೆಚ್ಚು. ಎರಡು ಜಾಗ ನೋಡಿ. ಮೊದಲನೆಯದು ಮುಂಬಾಗಿಲ ತಳ ಮತ್ತು ಬಾಲ್ಕನಿಯ ಸ್ಲೈಡಿಂಗ್ ಬಾಗಿಲು. ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಹಾಕಿ, ಟಿಶ್ಯೂ ಪೇಪರಿನ ಒಂದು ಎಳೆಯನ್ನು ಆ ಸಂದಿಗೆ ಹಿಡಿಯಿರಿ. ಅದು ಒಳಮುಖವಾಗಿ ಹಾರಿದರೆ ಹೊರಗಿನ ಮರಳುಧೂಳು ಅದೇ ದಾರಿಯಲ್ಲಿ ಬರುತ್ತಿದೆ. ವಾಯವ್ಯದ ಶಮಾಲ್ ಗಾಳಿ ಬೀಸುವ ಜೂನ್-ಜುಲೈಯಲ್ಲಂತೂ ಹಿಡಿಯುವಂತಿಲ್ಲ. ಬಾಗಿಲ ತಳಕ್ಕೆ ರಬ್ಬರ್ ಪಟ್ಟಿ, ಸ್ಲೈಡಿಂಗ್ ಚೌಕಟ್ಟಿಗೆ ಹೊಸ ಬ್ರಷ್ ಪಟ್ಟಿ ಹಾಕಿಸಿ.

ಎರಡನೆಯದು ಗಾಳಿ ಎಸಿಗೆ ಮರಳುವ ದಾರಿ, ಅಂದರೆ ರಿಟರ್ನ್. ಕೊಲ್ಲಿಯ ಎಷ್ಟೋ ಫ್ಲ್ಯಾಟುಗಳಲ್ಲಿ ರಿಟರ್ನಿಗೆ ಡಕ್ಟೇ ಇಲ್ಲ. ಗ್ರಿಲ್ ಮೂಲಕ ಹೋದ ಗಾಳಿ ಫಾಲ್ಸ್ ಸೀಲಿಂಗಿನ ಮೇಲಿನ ಪೊಳ್ಳಿನಲ್ಲಿ ಅಲೆದು ಯೂನಿಟ್ ಸೇರುತ್ತದೆ. ಕಟ್ಟಡ ಕಟ್ಟುವಾಗ ಬಿದ್ದ ಗೋಡೆ ಬ್ಲಾಕಿನ ಪುಡಿ, ಡ್ರಿಲ್ ಹೊಡೆದ ಪುಡಿಯೆಲ್ಲ ಆ ಪೊಳ್ಳಿನಲ್ಲೇ ಇರುತ್ತದೆ. ಫಿಲ್ಟರ್ ಇರುವುದು ಗ್ರಿಲ್ಲಿನಲ್ಲಿ. ಅದನ್ನು ದಾಟಿದ ಮೇಲೆ ಗಾಳಿ ಎತ್ತಿಕೊಂಡ ಪುಡಿಯನ್ನು ತಡೆಯುವವರು ಯಾರೂ ಇಲ್ಲ. ಇಂಥ ಮನೆಯಲ್ಲಿ ತಂಪು ಗಾಳಿ ತರುವ ಸಪ್ಲೈ ಡಕ್ಟನ್ನು ಎಷ್ಟು ಉಜ್ಜಿದರೂ ತಿಂಗಳೊಳಗೆ ಧೂಳು ವಾಪಸ್. ಸೀಲಿಂಗ್ ಮೇಲ್ಭಾಗವನ್ನು ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮಿನಿಂದ ಎಳೆಸಿ, ಯೂನಿಟ್ಟಿನ ಬಾಯಿಗೇ ಎರಡನೇ ಫಿಲ್ಟರ್ ಕೂರಿಸಿ. ಆಗುವುದಾದರೆ ಗ್ರಿಲ್ಲಿನಿಂದ ಯೂನಿಟ್ಟಿಗೆ ನೇರ ರಿಟರ್ನ್ ಡಕ್ಟ್ ಮಾಡಿಸಿಬಿಡಿ, ತಕರಾರು ಅಲ್ಲಿಗೆ ಮುಗಿಯುತ್ತದೆ.

ಇನ್ನು ಗ್ರಿಲ್ ಸುತ್ತಲಿನ ಕಪ್ಪು. ಅದನ್ನು ತೋರಿಸಿಯೇ ಮಾರಾಟಗಾರರು ಜನರನ್ನು ಒಪ್ಪಿಸುವುದು. ಆದರೆ ರಭಸದಿಂದ ಹೊರಬರುವ ತಂಪು ಗಾಳಿ ಕೋಣೆಯ ಗಾಳಿಯನ್ನೂ ಜೊತೆಗೆ ಎಳೆಯುತ್ತದೆ, ಆ ಗಾಳಿಯ ಧೂಳು, ಅಡುಗೆ ಜಿಡ್ಡು, ಬಖೂರಿನ (ಅರಬ್ ಧೂಪದ) ಹೊಗೆ ಗ್ರಿಲ್ ಅಂಚಿನಲ್ಲಿ ಕೂರುತ್ತವೆ. ಗ್ರಿಲ್ ತಣ್ಣಗಿದ್ದು ಬೆವರುತ್ತಿದ್ದರೆ ಧೂಳು ಇನ್ನೂ ಗಟ್ಟಿಯಾಗಿ ಹಿಡಿದು, ಮುಂದೆ ಬೂಷ್ಟಾಗುತ್ತದೆ. ಗ್ರಿಲ್ಲಿಗೂ ಡಕ್ಟಿನ ಬಾಯಿಗೂ ನಡುವೆ ಸಂದಿ ಇದ್ದರೆ ಬೆವರು ಖಚಿತ. ಬಿಚ್ಚಿ, ಸುತ್ತ ನೀರು ಹೀರದ ಕ್ಲೋಸ್ಡ್ ಸೆಲ್ ಫೋಮ್ ಪಟ್ಟಿ ಅಂಟಿಸಿ ಬಿಗಿಯಾಗಿ ಕೂರಿಸಿ.

ಪ್ರಶ್ನೆ: ನಮ್ಮ ವಿಲ್ಲಾದಲ್ಲಿ ಐದು ಡಕ್ಟೆಡ್ ಯೂನಿಟ್‌ಗಳಿವೆ. ಗ್ರಿಲ್ ಬಿಚ್ಚಿದರೆ ಧೂಳಿನ ಚಕ್ಕೆಗಳೇ ಕಾಣುತ್ತವೆ. ಕ್ಲೀನ್ ಮಾಡಿಸುವುದು ತೀರ್ಮಾನವಾಗಿದೆ. ಸರಿಯಾಗಿ ಮಾಡುತ್ತಿದ್ದಾರೋ ಇಲ್ಲವೋ ತಿಳಿಯುವುದು ಹೇಗೆ? (ದುಬೈ, ಮಿರ್ದಿಫ್)

ಒಂದೇ ಪ್ರಶ್ನೆ ಕೇಳಲು ಅವಕಾಶವಿದ್ದರೆ “ನೆಗೆಟಿವ್ ಏರ್ ಮೆಷಿನ್ ತರುತ್ತೀರಾ?” ಎಂದು ಕೇಳಿ. ಡಕ್ಟಿನಿಂದ ಗಾಳಿಯನ್ನು ಸತತವಾಗಿ ಹೊರಗೆಳೆಯುವ, ಡ್ರಮ್ ಗಾತ್ರದ ಫ್ಯಾನ್ ಇದು. ಮನೆಗೆಲಸಕ್ಕೆ ನಿಮಿಷಕ್ಕೆ ಸುಮಾರು 2,000 ಘನ ಅಡಿ ಎಳೆಯುವಂಥದ್ದು ಬೇಕು. ಎಳೆದ ಗಾಳಿಯನ್ನು ಮನೆಯೊಳಗೇ ಬಿಡುವುದಾದರೆ ಹೆಪಾ ಫಿಲ್ಟರ್ ಇರಲೇಬೇಕು. 0.3 ಮೈಕ್ರಾನ್ ಕಣಗಳಲ್ಲಿ 99.97 ಶೇಕಡಾ ಹಿಡಿಯುವುದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಈ ಮೆಷಿನ್ ಇಲ್ಲದೆ ಬ್ರಷ್ ತಿರುಗಿಸಿದರೆ ಎದ್ದ ಧೂಳು ಮುಂದಿನ ಕೋಣೆಗೋ ಯೂನಿಟ್ಟಿನಲ್ಲಿ ಗಾಳಿಯನ್ನು ತಂಪಾಗಿಸುವ ಕಾಯಿಲ್ ಮೇಲಕ್ಕೋ ಹೋಗಿ ಕೂರುತ್ತದೆ.

ಕೆಲಸದ ಕ್ರಮ ಹೀಗಿರಬೇಕು. ಪ್ರತಿ ಗ್ರಿಲ್ ಒಳಗಿನ ಫೋಟೊ ಮೊದಲು. ಯೂನಿಟ್ಟಿನ ಬ್ರೇಕರ್ ಆಫ್. ಮಂಚ, ಸೋಫಾಗಳಿಗೆ ಪ್ಲಾಸ್ಟಿಕ್ ಹೊದಿಕೆ. ಗ್ರಿಲ್‌ಗಳೆಲ್ಲ ಬಿಚ್ಚಿ ತೊಳೆಯಲು ಹೊರಗೆ. ಪ್ರತಿ ಕವಲಿನಲ್ಲಿ ಗಾಳಿ ಹೆಚ್ಚು-ಕಡಿಮೆ ಮಾಡುವ ಡ್ಯಾಂಪರಿನ ಹಿಡಿ ಎಲ್ಲಿ ನಿಂತಿದೆ ಎಂದು ಮಾರ್ಕರಿನಿಂದ ಗೆರೆ ಎಳೆದಿಡಬೇಕು. ಇದನ್ನು ಮರೆಯುವವರೇ ಹೆಚ್ಚು. ಆಮೇಲೆ ಒಂದು ಕೋಣೆ ಫ್ರಿಜ್ಜಿನಂತೆ, ಇನ್ನೊಂದು ಸೆಕೆ ಎಂದು ದೂರು ಬರುವುದು ಇದರಿಂದಲೇ. ಯೂನಿಟ್ ಪಕ್ಕದ ಮುಖ್ಯ ಡಕ್ಟಿಗೆ ಮೆಷಿನ್ನಿನ ಪೈಪ್ ಜೋಡಿಸಿ, ಧೂಳು ಯೂನಿಟ್ಟಿಗೆ ತಿರುಗದಂತೆ ಕಾಯಿಲ್ ಬದಿಯನ್ನು ಮುಚ್ಚಬೇಕು. ಉಳಿದ ಬಾಯಿಗಳಿಗೆಲ್ಲ ಪ್ಲಾಸ್ಟಿಕ್ ಅಂಟಿಸಬೇಕು. ಮೆಷಿನ್ ಓಡುತ್ತಿರುವಾಗ ಆ ಪ್ಲಾಸ್ಟಿಕ್ ಒಳಕ್ಕೆ ಹೀರಿಕೊಂಡು ಬಿಗಿದಿರಬೇಕು. ಸಡಿಲವಾಗಿ ಜೋತಿದ್ದರೆ ಎಳೆತ ಸಾಲದು, ಇಲ್ಲವೇ ಡಕ್ಟ್ ಎಲ್ಲೋ ಬಿಟ್ಟುಕೊಂಡಿದೆ.

ಆಮೇಲೆ ಅತಿ ದೂರದ ಬಾಯಿಯಿಂದ ಶುರುಮಾಡಿ ಮೆಷಿನ್ ಕಡೆಗೆ ಬರಬೇಕು. ತಗಡಿನ ಡಕ್ಟಿಗೆ ತಿರುಗುವ ನೈಲಾನ್ ಬ್ರಷ್ ಸರಿ. ಕೋಣೆಗೆ ಬರುವ ಕೊನೆಯ ಮೀಟರ್-ಎರಡು ಮೀಟರ್ ಸಾಮಾನ್ಯವಾಗಿ ಫ್ಲೆಕ್ಸಿಬಲ್ ಡಕ್ಟ್. ತಂತಿ ಸುರುಳಿಯ ಮೇಲೆ ತೆಳು ಫಾಯಿಲ್, ಹೊರಗೆ ಗ್ಲಾಸ್‌ವೂಲ್, ಅಂದರೆ ಗಾಜಿನ ಎಳೆಗಳ ಹೊದಿಕೆ. ಅದರೊಳಗೆ ಗಡಸು ಬ್ರಷ್ ಬಿಟ್ಟರೆ ಫಾಯಿಲ್ ಹರಿದು ಗ್ಲಾಸ್‌ವೂಲ್ ಎಳೆಗಳು ಕೋಣೆಗೆ ಉದುರುತ್ತವೆ. ಅಲ್ಲಿಗೆ ಕಂಪ್ರೆಸರ್ ಗಾಳಿಯಲ್ಲಿ ಕುಣಿಯುವ ರಬ್ಬರ್ ಬಾಲಗಳ ಏರ್ ವಿಪ್ ಸಾಕು. ಹಳೆಯದಾಗಿ ಬಿರಿದಿದ್ದರೆ ಕ್ಲೀನ್ ಮಾಡುವುದಕ್ಕಿಂತ ಆ ತುಂಡನ್ನೇ ಬದಲಿಸುವುದು ಮೇಲು. ಇಡೀ ಕೆಲಸ ಒಣದಾಗಿಯೇ ನಡೆಯಬೇಕು. ಡಕ್ಟೊಳಗೆ ನೀರು, ಸೋಪು, ಸ್ಟೀಮ್ ಬಿಡುವವರನ್ನು ಅಲ್ಲೇ ನಿಲ್ಲಿಸಿ.

ಉದ್ದನೆಯ ಮುಖ್ಯ ಡಕ್ಟಿಗೆ ಅಲ್ಲಲ್ಲಿ ಕಿಂಡಿ ಕೊರೆಯುವುದು ಅನಿವಾರ್ಯ, ಬೇಡವೆನ್ನಬೇಡಿ. ಆದರೆ ಮುಚ್ಚುವ ರೀತಿ ನೋಡಿ. ತಗಡಿನ ಮುಚ್ಚಳ, ಗ್ಯಾಸ್ಕೆಟ್, ಸ್ಕ್ರೂ, ಮೇಲೆ ಅಲ್ಯುಮಿನಿಯಂ ಫಾಯಿಲ್ ಟೇಪ್, ಅದರ ಮೇಲೆ ಮೊದಲಿದ್ದಷ್ಟೇ ದಪ್ಪ ಇನ್ಸುಲೇಷನ್. ಬಟ್ಟೆಯ ಟೇಪ್ ಸುತ್ತಿ ಬಿಟ್ಟರೆ ಗೋಂದು ಒಣಗಿ ಬಿಚ್ಚಿಕೊಳ್ಳುತ್ತದೆ. ಡಕ್ಟಿನೊಳಗಿನ ಗಾಳಿ 12-14 ಡಿಗ್ರಿ. ಆಗಸ್ಟಿನಲ್ಲಿ ಕರಾವಳಿಯ ಹೊರಗಾಳಿಯಲ್ಲಿ 27-28 ಡಿಗ್ರಿಯ ಮೇಲ್ಮೈಯೂ ಬೆವರುವಷ್ಟು ತೇವ ಇರುವುದುಂಟು. ಆ ಗಾಳಿ ಸೀಲಿಂಗ್ ಪೊಳ್ಳಿಗೆ ನುಗ್ಗಿತೆಂದರೆ, ಇನ್ಸುಲೇಷನ್ ಇಲ್ಲದ ಅಂಗೈಯಗಲ ಜಾಗ ಸಾಕು, ಹನಿ ಬಿದ್ದು ಸೀಲಿಂಗ್ ಕಲೆಯಾಗಲು.

ಡಕ್ಟ್ ಆದ ಮೇಲೆ ಯೂನಿಟ್ಟಿನ ಸರದಿ. ನಮ್ಮ ಮಟ್ಟಿಗೆ ಕೊಟ್ಟ ಹಣಕ್ಕೆ ಹೆಚ್ಚು ಫಲ ಇಲ್ಲೇ. ಗಾಳಿ ನೂಕುವ ಬ್ಲೋವರ್ ಚಕ್ರದ ಬಾಗಿದ ಎಲೆಗಳಲ್ಲಿ ಧೂಳು ಕೂತರೆ ಗಾಳಿಯೇ ಕುಗ್ಗುತ್ತದೆ. ಅದನ್ನು ಹೊರತೆಗೆದು ಬ್ರಷ್ ಮಾಡಬೇಕು. ಕಾಯಿಲ್‌ನ ಎಲೆಗಳು ಇಂಚಿಗೆ 12-14, ಒಂದರ ಹಿಂದೆ ಒಂದು ಮೂರು-ನಾಲ್ಕು ಸಾಲು. ಮುಂದಿನಿಂದ ಜೋರು ನೀರು ಹೊಡೆದರೆ ಕೊಳೆ ನಡುವಿನ ಸಾಲಿಗೆ ಹೋಗಿ ಕಟ್ಟಿಕೊಳ್ಳುತ್ತದೆ. ಮೊದಲು ಒಣ ಬ್ರಷ್, ಆಮೇಲೆ ಆಮ್ಲವಿಲ್ಲದ ಕಾಯಿಲ್ ಕ್ಲೀನರ್, ಬಳಿಕ ಗಾಳಿ ಹೊರಡುವ ಬದಿಯಿಂದ ಹಿಮ್ಮುಖವಾಗಿ ಮೆಲ್ಲನೆ ನೀರು. ಆಮ್ಲದ ಕ್ಲೀನರ್ ನೊರೆಯುಕ್ಕಿಸಿ ಥಳಥಳ ಮಾಡುತ್ತದೆ ನಿಜ, ಆದರೆ ಆ ನೊರೆಯಲ್ಲಿ ಅಲ್ಯುಮಿನಿಯಮ್ಮೂ ಕರಗಿರುತ್ತದೆ. ಕೊನೆಗೆ ಕಾಯಿಲ್‌ನಿಂದ ಇಳಿಯುವ ನೀರು ಬೀಳುವ ಡ್ರೈನ್ ಟ್ರೇಯ ಲೋಳೆ ತೆಗೆದು, ಒಂದು ಬಾಟಲಿ ನೀರು ಸುರಿದು ನಿಲ್ಲದೆ ಹರಿಯುತ್ತದೆಯೇ ಎಂದು ನೀವೇ ನಿಂತು ನೋಡಿ.

ನಾಲ್ಕೈದು ಗ್ರಿಲ್ ಇರುವ ಒಂದು ಯೂನಿಟ್ಟಿಗೆ ಇಬ್ಬರು ಸೇರಿದರೂ ಮೂರು-ನಾಲ್ಕು ಗಂಟೆ ಹಿಡಿಯುತ್ತದೆ. ಐದು ಯೂನಿಟ್ಟಿಗೆ ಎರಡು ದಿನವಾದರೂ ಬೇಕು. ಮಧ್ಯಾಹ್ನದೊಳಗೆ ಮುಗಿಸಿ ಬಿಲ್ ಕೊಟ್ಟರೆ ಮುಗಿದಿಲ್ಲ ಎಂದೇ ಅರ್ಥ. ಹಣ ಕೊಡುವ ಮುನ್ನ ಮೊದಲಿನ ಜಾಗಗಳಲ್ಲೇ ಮತ್ತೆ ಫೋಟೊ ತೆಗೆಸಿ. ತಗಡಿನ ಮೇಲೆ ಬಿಳಿ ಬಟ್ಟೆ ಎಳೆದರೆ ಧೂಳಿನ ಪದರ ಬರಬಾರದು. ತಗಡೇ ಸವೆದ ಬೂದು ಗೆರೆ ಬಂದರೆ ಜಗಳ ಬೇಡ. ಪ್ರತಿ ವರ್ಷದ ಡಕ್ಟ್ ಕ್ಲೀನಿಂಗ್ ಪ್ಯಾಕೇಜಿಗೆ ಸಹಿ ಹಾಕಬೇಡಿ. ವರ್ಷಕ್ಕೊಮ್ಮೆ ಒಳಗೆ ನೋಡಿ, ಕಾರಣ ಕಂಡರೆ ಮಾಡಿಸಿ. ಫಿಲ್ಟರ್ ಚೆನ್ನಾಗಿ ನೋಡಿಕೊಂಡ ಮನೆಯಲ್ಲಿ ಹಲವು ವರ್ಷ ಅದರ ಗೊಡವೆಯೇ ಬರುವುದಿಲ್ಲ.

ಪ್ರಶ್ನೆ: ಎಸಿ ಹಾಕಿದ ಕೂಡಲೇ ಒದ್ದೆ ಗೋಣಿಯ ವಾಸನೆ. ಮಗಳಿಗೆ ಉಬ್ಬಸ ಇದೆ. ಡಕ್ಟ್ ಒಳಗೆ ಔಷಧಿಯ ಹೊಗೆ ಬಿಟ್ಟು ಸ್ಯಾನಿಟೈಸ್ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾರೆ, ಹೌದೇ? (ದೋಹಾ)

ಬೇಡ. ಉಬ್ಬಸದ ಮಗುವಿರುವ ಮನೆಯಲ್ಲಂತೂ ಬೇಡವೇ ಬೇಡ. ಆ ಹೊಗೆಯೇ ಶ್ವಾಸನಾಳವನ್ನು ಕೆರಳಿಸಬಹುದು. ಬೂಷ್ಟು ಸತ್ತರೂ ಅದರ ಕಣಗಳು ಅಲ್ಲೇ ಉಳಿಯುತ್ತವೆ, ಅಲರ್ಜಿ ಮಾಡಲು ಅವು ಜೀವಂತ ಇರಬೇಕೆಂದಿಲ್ಲ. ಡಕ್ಟ್ ಕ್ಲೀನಿಂಗ್‌ನಿಂದ ಕಾಯಿಲೆ ತಡೆಯಬಹುದೆಂದು ಸಾಬೀತಾಗಿಲ್ಲ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎ ತನ್ನ ಕೈಪಿಡಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಆರೋಗ್ಯದ ಹೆಸರಿನಲ್ಲಿ ಮಾರುವವರಿಗೆ ಇದನ್ನು ತೋರಿಸಿ. ಉಬ್ಬಸಕ್ಕೆ ವೈದ್ಯರು ಬರೆದ ಇನ್‌ಹೇಲರ್ ನಿಲ್ಲಿಸಬೇಡಿ.

ವಾಸನೆಯ ಮೂಲ ಸಾಮಾನ್ಯವಾಗಿ ಡಕ್ಟ್ ಆಗಿರುವುದಿಲ್ಲ. ಕಾಯಿಲ್, ಟ್ರೇ, ಡ್ರೈನ್ ಪೈಪ್ ಈ ಮೂರನ್ನು ಮೊದಲು ನೋಡಿಸಿ. ಟ್ರೇಗೆ ಪೈಪಿನ ಕಡೆ ಇಳಿಜಾರು ಇಲ್ಲದಿದ್ದರೆ ನೀರು ಸದಾ ನಿಂತು ಲೋಳೆಗಟ್ಟುತ್ತದೆ. ಪೈಪಿನಲ್ಲಿ ಯು ಆಕಾರದ ಟ್ರ್ಯಾಪ್, ಅಂದರೆ ನೀರು ನಿಂತು ಗಾಳಿ-ವಾಸನೆ ತಡೆಯುವ ಬಾಗು ಇದೆಯೇ ಕೇಳಿ. ಕಾಯಿಲ್‌ನ ಆಚೆ ಬದಿಯಲ್ಲಿ ಫ್ಯಾನ್ ಇದ್ದು, ಕಾಯಿಲ್ ಮೂಲಕ ಗಾಳಿಯನ್ನು ಎಳೆಯುವ ಯೂನಿಟ್ಟುಗಳಲ್ಲಿ, ಟ್ರ್ಯಾಪ್ ಇಲ್ಲದಿದ್ದರೆ ಪೈಪಿನಿಂದ ಗಾಳಿ ಒಳಕ್ಕೆ ನುಗ್ಗಿ ನೀರನ್ನೇ ಇಳಿಯಗೊಡುವುದಿಲ್ಲ. ಆ ಪೈಪಿನ ಇನ್ನೊಂದು ತುದಿ ಎಷ್ಟೋ ಮನೆಗಳಲ್ಲಿ ಬಾತ್‌ರೂಮಿನ ಫ್ಲೋರ್ ಟ್ರ್ಯಾಪಿಗೆ ಸೇರಿರುತ್ತದೆ. ಚಳಿಗಾಲದಲ್ಲಿ ಎಸಿ ಓಡದೆ ಟ್ರ್ಯಾಪ್ ಒಣಗಿದರೆ ಮೋರಿಯ ವಾಸನೆಯೂ ಜಿರಳೆಗಳೂ ಅದೇ ದಾರಿ ಹಿಡಿಯುತ್ತವೆ. ಮಾರ್ಚ್‌ನಲ್ಲಿ ಎಸಿ ಹಾಕುವ ಮೊದಲು ಟ್ರೇಗೆ ಒಂದು ಲೀಟರ್ ನೀರು ಸುರಿಯಿರಿ.

ಇಷ್ಟಾದರೂ ವಾಸನೆ ಹೋಗದಿದ್ದರೆ ಯೂನಿಟ್ಟಿನ ಒಳಗೋಡೆಗೆ, ಡಕ್ಟಿನ ಒಳಮೈಗೆ ಅಂಟಿಸಿದ ಗ್ಲಾಸ್‌ವೂಲ್ ಒದ್ದೆಯಾಗಿ ಬೂಷ್ಟು ಹಿಡಿದಿರಬಹುದು. ಅದನ್ನು ಕ್ಲೀನ್ ಮಾಡಲಾಗದು. ಕಿತ್ತು ಹೊಸದು ಹಾಕಬೇಕು. ಅದರ ಮೇಲೆ ಔಷಧಿ ಸಿಂಪಡಿಸಿ “ಸೀಲ್” ಮಾಡುತ್ತೇವೆ ಎನ್ನುವವರಿಗೆ ಬಾಗಿಲು ತೋರಿಸಿ.

ಪ್ರಶ್ನೆ: ಜುಲೈ-ಆಗಸ್ಟ್ ಎರಡು ತಿಂಗಳು ಊರಿಗೆ, ಕುಂದಾಪುರಕ್ಕೆ ಹೋಗುತ್ತೇವೆ. ಕಳೆದ ವರ್ಷ ಎಸಿ ಬಂದ್ ಮಾಡಿ ಹೋಗಿ ವಾಪಸ್ ಬಂದಾಗ ಚಪ್ಪಲಿ, ಬೀರು, ಗ್ರಿಲ್ ಎಲ್ಲ ಬೂಷ್ಟು. ಈ ಸಲ ಏನು ಮಾಡಲಿ? (ಅಬುಧಾಬಿ)

ಬಂದ್ ಮಾಡಬೇಡಿ. ಥರ್ಮೋಸ್ಟ್ಯಾಟನ್ನು 26ಕ್ಕೆ ಇಟ್ಟು, ಫ್ಯಾನನ್ನು “ಆಟೋ”ದಲ್ಲಿ ಬಿಡಿ. “ಆನ್”ನಲ್ಲಿ ಬಿಟ್ಟರೆ ತಂಪು ಮಾಡುವುದು ನಿಂತ ಮೇಲೂ ಫ್ಯಾನ್ ತಿರುಗುತ್ತ ಕಾಯಿಲ್ ಮೇಲಿನ ನೀರನ್ನು ಮತ್ತೆ ಆವಿ ಮಾಡಿ ಮನೆಗೇ ಊದುತ್ತದೆ. ಹೊರಡುವ ವಾರ ಫಿಲ್ಟರ್ ತೊಳೆದು, ಟ್ರೇ ಮತ್ತು ಡ್ರೈನ್ ಸ್ವಚ್ಛ ಮಾಡಿಸಿ. ಡ್ರೈನ್ ಕಟ್ಟಿಕೊಂಡರೆ ಯಾರೂ ಇಲ್ಲದ ಮನೆಯಲ್ಲಿ ಸೀಲಿಂಗ್ ಕುಸಿಯುವವರೆಗೂ ಗೊತ್ತಾಗುವುದಿಲ್ಲ. ಎಕ್ಸಾಸ್ಟ್ ಫ್ಯಾನ್‌ಗಳೆಲ್ಲ ಆಫ್, ಏಕೆಂದರೆ ಅವು ಎಳೆದಷ್ಟು ಹೊರಗಿನ ತೇವ ಒಳಗೆ ಬರುತ್ತದೆ. ಫ್ಲೋರ್ ಟ್ರ್ಯಾಪ್‌ಗಳಿಗೆ ನೀರು ಸುರಿದು ಮೇಲೊಂದು ಚಮಚ ಅಡುಗೆ ಎಣ್ಣೆ ಬಿಡಿ, ನೀರು ಬೇಗ ಆರುವುದಿಲ್ಲ. ಬೀರು ಮತ್ತು ಒಳಕೋಣೆಗಳ ಬಾಗಿಲು ತೆರೆದಿರಲಿ. ತೇವಾಂಶ ತೋರಿಸುವ ಪುಟ್ಟ ಮೀಟರ್ ಒಂದನ್ನು ಹಾಲ್‌ನಲ್ಲಿಟ್ಟು, ಎರಡು ವಾರಕ್ಕೊಮ್ಮೆ ಪರಿಚಯದವರಿಂದ ನೋಡಿಸಿ. 60 ಶೇಕಡಾ ದಾಟಿದ್ದರೆ ಎರಡು ಡಿಗ್ರಿ ಇಳಿಸಲು ಹೇಳಿ.

ಪ್ರಶ್ನೆ: ಯೂನಿಟ್ಟಿನ ಜಾಲರಿ ತೆಗೆದು ಹೆಪಾ ಫಿಲ್ಟರ್ ಹಾಕಿಸಿದರೆ ಧೂಳಿನ ಕಾಟ ಪೂರ್ತಿ ತಪ್ಪುವುದಿಲ್ಲವೇ? (ದುಬೈ, ಕರಾಮ)

ಧೂಳಿನ ಜೊತೆ ಗಾಳಿಯೂ ತಪ್ಪುತ್ತದೆ. ಸೀಲಿಂಗಿನೊಳಗಿನ ಸಾಮಾನ್ಯ ಯೂನಿಟ್ಟಿನ ಫ್ಯಾನ್ ಹೊರಗಿನ ಡಕ್ಟ್, ಗ್ರಿಲ್, ಫಿಲ್ಟರ್ ಎಲ್ಲ ಸೇರಿ 30ರಿಂದ 50 ಪಾಸ್ಕಲ್ (ಒತ್ತಡದ ಅಳತೆ) ತಡೆಯನ್ನಷ್ಟೇ ಎದುರಿಸಬಲ್ಲದು. ಹೆಪಾ ಒಂದೇ ಅದಕ್ಕಿಂತ ಎಷ್ಟೋ ಹೆಚ್ಚು ತಡೆ ಒಡ್ಡುತ್ತದೆ. ಗಾಳಿ ಕುಗ್ಗಿದರೆ, ಕಾಯಿಲ್ ಒಳಗೆ ತಣ್ಣೀರಿನ ಬದಲು ಗ್ಯಾಸ್ ಹರಿಯುವ ಎಸಿಗಳಲ್ಲಿ ಕಾಯಿಲ್ ಮೇಲೆ ಐಸ್ ಕಟ್ಟಿ, ಕರಗಿದಾಗ ನೀರು ಸೋರುತ್ತದೆ. ಈಗಿರುವ ನೈಲಾನ್ ಜಾಲರಿ ನೂಲು, ಕೂದಲು, ದಪ್ಪ ಧೂಳನ್ನು ಮಾತ್ರ ಹಿಡಿಯುತ್ತದೆ. ಅದರ ಜಾಗದಲ್ಲಿ ಮಡಿಕೆ ಮಡಿಕೆಯಾದ ಮರ್ವ್ 8 ದರ್ಜೆಯ (ಫಿಲ್ಟರ್ ಎಷ್ಟು ಸಣ್ಣ ಧೂಳು ಹಿಡಿಯುತ್ತದೆ ಎಂಬುದರ ಅಳತೆ ಮರ್ವ್) ಫಿಲ್ಟರನ್ನು, ಆದಷ್ಟು ದೊಡ್ಡ ಗಾತ್ರದಲ್ಲಿ, ಗಾಳಿ ಅಳೆದು ನೋಡಿ ಹಾಕಿಸಬಹುದು. ಫಿಲ್ಟರ್ ಯಾವುದಾದರೂ ಚೌಕಟ್ಟಿನ ಸುತ್ತ ಸಂದಿ ಬಿಟ್ಟರೆ ಗಾಳಿ ಸಂದಿಯನ್ನೇ ಆರಿಸಿಕೊಳ್ಳುತ್ತದೆ. ಫೋಮ್ ಪಟ್ಟಿ ಹಾಕಿ ಮುಚ್ಚಿ. ಜಾಲರಿಯನ್ನು ಧೂಳಿನ ಕಾಲದಲ್ಲಿ ಎರಡು ವಾರಕ್ಕೊಮ್ಮೆ, ಉಳಿದಂತೆ ತಿಂಗಳಿಗೊಮ್ಮೆ ತೊಳೆಯಿರಿ. ನೆರಳಲ್ಲಿ ಪೂರ್ತಿ ಒಣಗಿಸದೆ ಕೂರಿಸಿದರೆ ಧೂಳು ಕೆಸರಾಗಿ ಜಾಲರಿಯ ಕಣ್ಣುಗಳು ಮುಚ್ಚಿಕೊಳ್ಳುತ್ತವೆ.

ಸಣ್ಣ ಕಣಗಳಿಗೆ ಮಲಗುವ ಕೋಣೆಯಲ್ಲೊಂದು ಏರ್ ಪ್ಯೂರಿಫೈಯರ್ ಇಡಿ. 4 ಮೀಟರ್ ಉದ್ದಗಲ, 2.7 ಮೀಟರ್ ಎತ್ತರದ ಕೋಣೆಯ ಗಾಳಿ ಸುಮಾರು 43 ಘನ ಮೀಟರ್. ಗಂಟೆಗೆ ಐದು ಸಲ ಶುದ್ಧವಾಗಬೇಕೆಂದರೆ ಪೆಟ್ಟಿಗೆಯ ಮೇಲೆ ಸಿಎಡಿಆರ್ (ಶುದ್ಧ ಗಾಳಿ ಕೊಡುವ ಪ್ರಮಾಣ) ಗಂಟೆಗೆ 215 ಘನ ಮೀಟರ್‌ಗಿಂತ ಹೆಚ್ಚಿರಬೇಕು.

ಪ್ರಶ್ನೆ: ಬಾಡಿಗೆ ಮನೆ. ಡಕ್ಟ್ ಕ್ಲೀನಿಂಗ್ ಖರ್ಚು ನಮ್ಮದೋ ಓನರ್‌ದೋ? (ದುಬೈ, ಅಲ್ ಕುಸೈಸ್)

ಕರಾರು ಪತ್ರ ತೆರೆದು ಮೇಂಟೆನೆನ್ಸ್ ಸಾಲು ಓದಿ. ದುಬೈಯ 2007ರ 26ನೇ ಕಾನೂನಿನ 16ನೇ ವಿಧಿಯ ಪ್ರಕಾರ, ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ ನಿರ್ವಹಣೆಯ ಹೊಣೆ ಮಾಲೀಕರದು. ಆದರೆ ಇಂತಿಷ್ಟು ದಿರ್ಹಾಮ್‌ವರೆಗಿನ ಚಿಲ್ಲರೆ ಕೆಲಸ ಬಾಡಿಗೆದಾರರದು ಎಂದು ಎಷ್ಟೋ ಕರಾರುಗಳಲ್ಲಿ ಬರೆದಿರುತ್ತದೆ. ಫಿಲ್ಟರ್ ತೊಳೆಯುವುದನ್ನು ಓನರ್ ತಲೆಗೆ ಕಟ್ಟಲು ಹೋಗಬೇಡಿ. ಹರಿದ ಇನ್ಸುಲೇಷನ್, ಬೂಷ್ಟು ಹಿಡಿದ ಡಕ್ಟ್ ಇದ್ದರೆ ಫೋಟೊ ಸಹಿತ ಇಮೇಲ್ ಕಳಿಸಿ, ಬಾಯಿಮಾತಿನಲ್ಲಿ ಬಿಡಬೇಡಿ. ಮನೆ ಹಿಡಿದ ಮೊದಲ ವಾರದಲ್ಲೇ ಗ್ರಿಲ್ ಬಿಚ್ಚಿ ಫೋಟೊ ತೆಗೆದಿಟ್ಟವರಿಗೆ ಈ ವಾದ ಸುಲಭ. ಇಡೀ ಕಟ್ಟಡಕ್ಕೆ ಹೊರಗಾಳಿ ಕೊಡುವ ಡಕ್ಟ್ ಬೇರೆ, ಅದು ಕಟ್ಟಡದ ಆಡಳಿತದ್ದು. ನಿಮ್ಮ ಕಂಪನಿಯವರು ಅದಕ್ಕೆ ಕೈ ಹಾಕುವಂತಿಲ್ಲ.

ಪ್ರಶ್ನೆ: ನಮ್ಮ ಊರಿನ ಕೆಂಪು ಧೂಳಿಗೂ ಎಸಿ ಡಕ್ಟ್ ಕ್ಲೀನ್ ಮಾಡಿಸಬೇಕೇ? ನಮ್ಮದು ಗೋಡೆಗೆ ಹಾಕಿದ ಒಂದೂವರೆ ಟನ್ ಸ್ಪ್ಲಿಟ್. (ಬಳ್ಳಾರಿ)

ಗೋಡೆಯ ಸ್ಪ್ಲಿಟ್ಟಿಗೆ ಡಕ್ಟೇ ಇಲ್ಲ, ಆ ಖರ್ಚು ಉಳಿಯಿತು. ನಿಮ್ಮಲ್ಲಿ ಧೂಳು ಕೂರುವುದು ಗಾಳಿ ಬರುವ ಬಾಯಿಯ ಹಿಂದೆ ಅಡ್ಡಲಾಗಿರುವ ಉದ್ದನೆಯ ಉರುಳೆ ಬ್ಲೋವರಿನಲ್ಲಿ. ಟಾರ್ಚ್ ಹಿಡಿದು ನೋಡಿ, ಎಲೆಗಳ ನಡುವೆ ಕಪ್ಪು ತುಂಬಿದ್ದರೆ ಫಿಲ್ಟರ್ ಎಷ್ಟು ತೊಳೆದರೂ ಗಾಳಿ ಬರುವುದಿಲ್ಲ. ಸರ್ವಿಸ್‌ನವರು ಬಂದಾಗ “ಜೆಟ್ ವಾಶ್” ಎಂದಷ್ಟೇ ಹೇಳದೆ, ಸುತ್ತ ಪ್ಲಾಸ್ಟಿಕ್ ಚೀಲ ಕಟ್ಟಿ ಕಾಯಿಲ್, ಬ್ಲೋವರ್, ಟ್ರೇ ಮೂರನ್ನೂ ತೊಳೆಯಲು ಹೇಳಿ. ಸರ್ಕ್ಯೂಟ್ ಬೋರ್ಡಿಗೆ ನೀರು ತಾಗದಂತೆ ಮುಚ್ಚಿದ್ದಾರೆಯೇ ನೋಡಿ. ಹೊರಗಿನ ಯೂನಿಟ್ಟಿನ ಹಿಂಬದಿಯ ಕಾಯಿಲ್‌ನಲ್ಲಿ ಕೆಂಪು ಮಣ್ಣು ಕಟ್ಟಿದ್ದರೆ ಕರೆಂಟ್ ಬಿಲ್ ಏರುತ್ತದೆ. ಮಾರ್ಚ್ ಮೊದಲ ವಾರ ಒಂದು ಸಲ, ಮೇ ಕೊನೆಗೆ ಇನ್ನೊಂದು ಸಲ, ಎಸಿ ಆಫ್ ಮಾಡಿ ತೋಟದ ಪೈಪಿನಿಂದ ಮೆಲ್ಲನೆ ನೀರು ಬಿಟ್ಟು ಅದನ್ನು ತೊಳೆಯಿರಿ.